ಹಿತ್ತಲಿಗೆ ಯಾವ ಕೋಳಿ?

ಬೇಸಿಗೆಯ ಸಂತೆಯಲ್ಲಿ ಮಕ್ಕಳು ಒಂದೆಡೆ ಗುಂಪುಗೂಡಿ ಬಗ್ಗಿ ನೋಡುತ್ತಿದ್ದಾರೆ ಎಂದರೆ ಅಲ್ಲಿಗೆ ಬಣ್ಣದ ಕೋಳಿಮರಿ ಬಂದಿವೆ ಎಂದೇ ಲೆಕ್ಕ. ಬುಟ್ಟಿಯೊಳಗೆ ಗುಲಾಬಿ, ಹಸಿರು, ಕಿತ್ತಳೆ ಬಣ್ಣದ ಮರಿಗಳು ಒಂದರ ಮೇಲೊಂದು ಬಿದ್ದು ಚಿಂವ್‌ಗುಟ್ಟುತ್ತಿರುತ್ತವೆ. ಮಗು ಹಟ ಹಿಡಿಯುತ್ತದೆ, ಅಪ್ಪ ನಾಲ್ಕು ಮರಿ ಕೊಳ್ಳುತ್ತಾನೆ. ವಾರ ಕಳೆಯುವುದರೊಳಗೆ ಎರಡು ಸಾಯುತ್ತವೆ. ಉಳಿದೆರಡು ಬಣ್ಣ ಕಳೆದುಕೊಂಡು ಬೆಳೆದು ಬಡಕಲು ಹುಂಜಗಳಾಗಿ ನಿಲ್ಲುತ್ತವೆ. ಮೊಟ್ಟೆಯೂ ಇಲ್ಲ, ಸಾರಿಗೆ ಸಾಲುವಷ್ಟು ಮೈಯೂ ಇಲ್ಲ. ‘ಕೋಳಿ ಸಾಕೋದು ನಮ್ಮ ಕೈಗೆ ಹತ್ತಲ್ಲ’ ಎಂದು ಮನೆಯವರು ಅಲ್ಲಿಗೇ ಕೈಬಿಡುತ್ತಾರೆ.

ತಪ್ಪು ಅವರ ಕೈಯದಲ್ಲ, ಮರಿಯದೂ ಅಲ್ಲ. ಹೀಗೆ ಬಣ್ಣ ಹಚ್ಚಿ ಮಾರುವ ಮರಿಗಳಲ್ಲಿ ಬಹಳಷ್ಟು ಮೊಟ್ಟೆ ಫಾರಂಗಳಿಗೆಂದೇ ರೂಪಿಸಿದ ತಳಿಗಳ ಗಂಡುಮರಿಗಳು. ಆ ತಳಿಯಲ್ಲಿ ಬೆಲೆ ಇರುವುದು ಹೇಂಟೆಗೆ ಮಾತ್ರ. ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ಕೋಳಿಯ ಹಾಗೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಹಾಗಾಗಿ ಅವು ಅಗ್ಗಕ್ಕೆ ಹೊರಬಿದ್ದು, ಬಣ್ಣ ಬಳಿಸಿಕೊಂಡು ಸಂತೆಗೆ ಬರುತ್ತವೆ. ಕಾವು, ಲಸಿಕೆ, ತಾಯಿ ಯಾವುದೂ ಇಲ್ಲದ ಆ ಮರಿ ಬದುಕುವುದೇ ಕಷ್ಟ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈಗ ಹಿತ್ತಲಲ್ಲಿ ಹತ್ತು ಕೋಳಿ ಸಾಕಬೇಕು ಎನ್ನುವವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾವ ತಳಿ ಜಾಸ್ತಿ ಮೊಟ್ಟೆ ಇಡುತ್ತೆ?’ ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಮುಂದಿನ ವರ್ಷದ ಮರಿಗಳನ್ನು ನಿಮ್ಮ ಮನೆಯಲ್ಲಿ ಮಾಡುವವರು ಯಾರು? ಇದಕ್ಕೆ ಉತ್ತರ ಸಿಕ್ಕರೆ ತಳಿಯ ಆಯ್ಕೆ ಅರ್ಧ ಮುಗಿದ ಹಾಗೆ. ಹೇಗೆಂದು ತಿಳಿಯಲು ಕೋಳಿಯ ಮೈಯೊಳಗಿನ ಕೆಲವು ಸಂಗತಿಗಳನ್ನು ನೋಡಬೇಕು.

ತಳಿ ಎಂದರೆ ಏನು?

ಇದನ್ನು ಅಜ್ಜಂಪುರದವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಅಮೃತ್ ಮಹಲ್ ರಾಸುಗಳ ಸಂವರ್ಧನಾ ಕೇಂದ್ರ ಇರುವ ಊರು ಅದು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಆರಂಭವಾಗಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂದು ಹೆಸರಾದ ಆ ರಾಸುಗಳು ಸೈನ್ಯದ ಸರಂಜಾಮು ಎಳೆದುಕೊಂಡು ಬೇಗ ಬೇಗ ದೂರ ಸಾಗಲು ರೂಪುಗೊಂಡವು. ಕಾವಲಿನ ಒಣಹುಲ್ಲು ಮೇಯ್ದು, ಬಿಸಿಲು ತಡೆದು, ಓಡಬೇಕಿತ್ತು. ಓಡಿದವು. ಅವುಗಳಿಂದ ಬಿಂದಿಗೆಗಟ್ಟಲೆ ಹಾಲನ್ನು ಯಾರೂ ಕೇಳಲಿಲ್ಲ, ಅವು ಕೊಡಲೂ ಇಲ್ಲ.

ತಲೆಮಾರಿನಿಂದ ತಲೆಮಾರಿಗೆ ಯಾವ ಗುಣವಿದ್ದ ಪ್ರಾಣಿಯನ್ನು ಉಳಿಸಿಕೊಂಡು ಬಂದರೋ ಆ ಗುಣ ಗಟ್ಟಿಯಾಗುತ್ತದೆ, ಬೇರೆ ಯಾವುದೋ ಒಂದು ಹಿಂದೆ ಸರಿಯುತ್ತದೆ. ರಾಸಿನಲ್ಲಿ ಓಟ ಮತ್ತು ಹಾಲು ಎದುರುಬದುರು ನಿಂತ ಹಾಗೆ ಕೋಳಿಯಲ್ಲಿ ಮೊಟ್ಟೆ ಮತ್ತು ತಾಯ್ತನ ಎದುರುಬದುರು ನಿಲ್ಲುತ್ತವೆ. ಈ ಲೇಖನದ ಮುಖ್ಯ ಮಾತು ಇದೇ.

ಭದ್ರೆಯ ಕಾಡಿನ ನಂಟು

ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 863 ಕೋಳಿಗಳ ಜೀನೋಮ್ ಓದಿ, ಕೆಂಪು ಕಾಡುಕೋಳಿಯ ಐದು ಉಪಜಾತಿಗಳಲ್ಲಿ ಮ್ಯಾನ್ಮಾರ್, ಥಾಯ್ಲೆಂಡ್, ಚೀನಾದ ಯುನ್ನಾನ್ ಭಾಗದ ಒಂದು ಉಪಜಾತಿಯನ್ನೇ ಮೂಲವೆಂದು ಗುರುತಿಸಿತು. 2022ರ ಇನ್ನೊಂದು ಅಧ್ಯಯನ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಸುಮಾರು 3,500 ವರ್ಷ ಹಿಂದಿನ ಮೂಳೆಗಳನ್ನು ಸಾಕುಕೋಳಿಯ ಅತಿ ಹಳೆಯ ಕುರುಹು ಎಂದಿತು. ಭತ್ತ ಮತ್ತು ಸಿರಿಧಾನ್ಯದ ಬೇಸಾಯ ಹರಡಿದಾಗ ಕಾಳಿನ ಆಸೆಗೆ ಕಾಡುಕೋಳಿ ಕಣದ ಬಳಿ ಬಂತು, ಬಂದದ್ದು ಊರಿನಲ್ಲೇ ಉಳಿಯಿತು. ರಾಗಿ ಒಕ್ಕುವ ಕಣದಲ್ಲಿ ಇಂದಿಗೂ ಕೋಳಿಯ ನಡವಳಿಕೆ ಅದೇ.

ಆದರೆ ಕಥೆಯ ಒಂದು ತುಂಡು ನಮ್ಮ ಪಕ್ಕದ್ದು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಿಂದಾಚೆ ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಬೆಳಗಿನ ಹೊತ್ತು ತುಂಡು ತುಂಡಾದ ಒಂದು ಕೂಗು ಕೇಳುತ್ತದೆ. ಅದು ಬೂದು ಕಾಡುಕೋಳಿ, ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪಕ್ಷಿ. ಇದನ್ನು ಹಿಡಿಯುವುದೂ ಕೊಲ್ಲುವುದೂ ಕಾನೂನಿನಲ್ಲಿ ಅಪರಾಧ. ನಿಮ್ಮ ಮನೆಯ ಕೋಳಿಯ ಕಾಲನ್ನು ಒಮ್ಮೆ ನೋಡಿ. ಹಳದಿ ಇದ್ದರೆ, ಆ ಹಳದಿಗೆ ಕಾರಣವಾದ ಜೀನ್ ಬಂದದ್ದು ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು. ಸೊಪ್ಪು, ಮೆಕ್ಕೆಜೋಳದಲ್ಲಿರುವ ಕೆರೋಟಿನಾಯ್ಡ್ ಎಂಬ ಬಣ್ಣವನ್ನು ಒಡೆಯುವ ಕಿಣ್ವವೊಂದು ಕೆಂಪು ಕಾಡುಕೋಳಿಯ ಚರ್ಮದಲ್ಲಿ ಚುರುಕು. ಬೂದು ಕಾಡುಕೋಳಿಯಿಂದ ಬಂದ ಜೀನ್ ಇದ್ದಲ್ಲಿ ಆ ಕಿಣ್ವ ಚರ್ಮದಲ್ಲಿ ಮಂಕು, ಬಣ್ಣ ಅಲ್ಲೇ ಉಳಿಯುತ್ತದೆ. ಲೋಕದ ಎಷ್ಟೋ ಫಾರಂ ಕೋಳಿಗಳ ಹಳದಿ ಕಾಲಿನಲ್ಲಿ ನಮ್ಮ ದಕ್ಷಿಣದ ಕಾಡಿನ ಗುರುತು ಇದೆ.

ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತಾರು ಮೊಟ್ಟೆ ಮಾತ್ರ. ನಮ್ಮ ನಾಟಿ ಕೋಳಿ ಅಲ್ಲಿಂದ ಬಹಳ ದೂರ ಬಂದಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ 50ರಿಂದ 80 ಮೊಟ್ಟೆ ಇಡುತ್ತದೆ, ಅದೂ ಮೂರು ನಾಲ್ಕು ಸರದಿಯಲ್ಲಿ. ಫಾರಂನ ಬಿಳಿ ಲೆಗ್‌ಹಾರ್ನ್ ಮೂಲದ ಕೋಳಿಯಾದರೆ 300 ದಾಟುತ್ತದೆ. ಎರಡೂ ಒಂದೇ ಜಾತಿಯ ಹಕ್ಕಿ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ?

ಮೊಟ್ಟೆ ನಿಂತಾಗ ಶುರುವಾಗುವ ಕೆಲಸ

ಒಂದು ಮೊಟ್ಟೆ ತಯಾರಾಗಲು ಕೋಳಿಯ ಮೈಯಲ್ಲಿ 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹೀಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟ ನಾಟಿ ಹೇಂಟೆ ಒಂದು ದಿನ ಗೂಡು ಬಿಟ್ಟು ಏಳುವುದೇ ಇಲ್ಲ. ಕೈ ಹಾಕಿದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ಎದೆಯ ಕೆಳಗಿನ ಗರಿ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುತ್ತದೆ. ಕಾವು ಕೂತಿತು ಎನ್ನುತ್ತೇವೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುವುದರ ಫಲ ಇದು. ಈ ಹಾರ್ಮೋನು ಏರಿದಾಗ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ. ತಾಯಿ ಹಸುವಿನ ಕೆಚ್ಚಲಲ್ಲಿ ಹಾಲು ತರಿಸುವ ಹಾರ್ಮೋನೂ ಇದೇ. ಅಲ್ಲಿ ಹಾಲಾಗುವುದು ಇಲ್ಲಿ ಕಾವಾಗುತ್ತದೆ.

ಕಾವು 21 ದಿನ. ಆಮೇಲೆ ಮರಿಗಳನ್ನು ಕಟ್ಟಿಕೊಂಡು ತಿರುಗುವುದು ಎರಡು ತಿಂಗಳಾದರೂ ಆದೀತು. ಅಷ್ಟು ದಿನ ಮೊಟ್ಟೆ ಇಲ್ಲ. ಫಾರಂ ಮಾಲೀಕನಿಗೆ ಇದು ನಷ್ಟದ ದಿನ. ಆದ್ದರಿಂದ ಮೊಟ್ಟೆಯ ತಳಿಗಳನ್ನು ಕಟ್ಟಿದವರು ಕಾವು ಕೂರದ ಹೇಂಟೆಗಳನ್ನೇ ಆರಿಸುತ್ತಾ ಹೋದರು. ತಲೆಮಾರುಗಳು ಕಳೆದಂತೆ ಕಾವಿನ ಗುಣವೇ ಅಳಿಸಿತು, ಮೊಟ್ಟೆ ನಿಲ್ಲದೆ ಬಂತು. ಮುನ್ನೂರು ಮೊಟ್ಟೆಯ ಗುಟ್ಟಿನ ದೊಡ್ಡ ಪಾಲು ಇಲ್ಲಿದೆ. ಆ ಕೋಳಿ ತನ್ನ ಮೊಟ್ಟೆಯ ಮೇಲೆ ಕೂರುವುದಿಲ್ಲ. ಮರಿ ಬೇಕೆಂದರೆ ಅದಕ್ಕೆ ಯಂತ್ರ ಬೇಕು, ಇಲ್ಲವೇ ಇನ್ನೊಂದು ಕೋಳಿ ಬೇಕು.

ಹಗಲಿನ ಲೆಕ್ಕವೂ ಇದರಲ್ಲಿ ಸೇರಿದೆ. ಹೇಂಟೆ ಪೂರ್ತಿ ಪ್ರಮಾಣದಲ್ಲಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಕಡೂರಿನ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಫಾರಂಗಳಲ್ಲಿ ದೀಪ ಹಾಕುವುದು ಇದಕ್ಕೇ. ಯಾವುದೇ ತಳಿಯ ಮೇಲೆ ಬರೆದ ಮೊಟ್ಟೆ ಸಂಖ್ಯೆಯನ್ನು ಓದುವಾಗ ದೀಪ, ಪೂರ್ಣ ಆಹಾರ, ಲಸಿಕೆ ಎಲ್ಲವೂ ಅದರ ಹಿಂದಿವೆ ಎಂದು ತಿಳಿಯಬೇಕು. ಹಿತ್ತಲಲ್ಲಿ ಬಿಟ್ಟು ಸಾಕಿದಾಗ ಅಷ್ಟು ಸಿಗದಿದ್ದರೆ ಕೋಳಿ ಮೋಸ ಮಾಡಿತು ಎಂದಲ್ಲ.

ಹೆಬ್ಬಾಳದಿಂದ ಬಂದ ಕೋಳಿಗಳು

ನಾಟಿಯ ಗಟ್ಟಿತನ, ಫಾರಂನ ಇಳುವರಿ ಎರಡನ್ನೂ ಒಂದೇ ಮೈಯಲ್ಲಿ ತರಬಹುದೇ? ಈ ಪ್ರಯತ್ನದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಆಗ ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ‘ಗಿರಿರಾಜ’ವನ್ನು ಹೊರತಂದರು. ಬಣ್ಣಬಣ್ಣದ ಗರಿ, ದೊಡ್ಡ ಮೈ, ಹಿತ್ತಲಲ್ಲಿ ಕೆದರಿ ತಿನ್ನುವ ಶಕ್ತಿ. ವರ್ಷಕ್ಕೆ 130ರಿಂದ 150 ಮೊಟ್ಟೆ. ಹಳ್ಳಿಯ ಬಾಯಲ್ಲಿ ಆ ಹೆಸರು ಎಷ್ಟು ನಿಂತಿತೆಂದರೆ ಇಂದು ಬಣ್ಣದ ಯಾವ ಮರಿಯನ್ನಾದರೂ ‘ಗಿರಿರಾಜ’ ಎಂದು ಮಾರುವವರಿದ್ದಾರೆ.

ಮೊಟ್ಟೆಗೆ ಹೆಚ್ಚು ಒತ್ತು ಕೊಟ್ಟ ‘ಗಿರಿರಾಣಿ’ಯೂ ಅಲ್ಲಿಯದೇ. 2005ರಲ್ಲಿ ‘ಸ್ವರ್ಣಧಾರ’ ಬಂತು. ಇದು 22-23 ವಾರಕ್ಕೆ ಬಲಿಯುತ್ತದೆ, ವರ್ಷಕ್ಕೆ 180ರಿಂದ 190 ಮೊಟ್ಟೆ ಇಡುತ್ತದೆ, ಗಿರಿರಾಜಕ್ಕಿಂತ ಮೈ ಹಗುರ. ಹಗುರ ಮೈ ಹಿತ್ತಲಲ್ಲಿ ದೊಡ್ಡ ವರ. ನಾಯಿ, ಕಾಡುಬೆಕ್ಕು ಬಂದಾಗ ಬೇಲಿ ಹಾರಿ ತಪ್ಪಿಸಿಕೊಳ್ಳಬಹುದು. ಹೆಬ್ಬಾಳದ ಆ ಕಾಲೇಜು ಈಗ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ.

ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯ ರೂಪಿಸಿದ ‘ವನರಾಜ’ ಮತ್ತು ‘ಗ್ರಾಮಪ್ರಿಯ’ ಕೂಡ ನಮ್ಮ ಕಡೆ ಬರುತ್ತವೆ. ವನರಾಜ ಮಾಂಸಕ್ಕೂ ಮೊಟ್ಟೆಗೂ ಆಗುವಂಥದ್ದು, ಬಿಟ್ಟು ಸಾಕಿದರೆ ನೂರು ನೂರಹತ್ತು ಮೊಟ್ಟೆ. ಗ್ರಾಮಪ್ರಿಯ ಮೊಟ್ಟೆಯ ಕಡೆ ವಾಲಿದ್ದು, 160ರಿಂದ 180.

ಇವುಗಳ ಬಗ್ಗೆ ಕೊಳ್ಳುವ ಮೊದಲೇ ತಿಳಿದಿರಬೇಕಾದ ಮಾತು ಎರಡು. ಒಂದು, ಇವು ಕಾವು ಕೂರುವುದು ಅಪರೂಪ. ಎರಡು, ಇವು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಪಡೆದ ಮಿಶ್ರ ಸಂತಾನ. ಬೇರೆ ಬೇರೆ ರಕ್ತದ ತಂದೆತಾಯಿ ಸೇರಿದಾಗ ಮಕ್ಕಳಲ್ಲಿ ಕಾಣುವ ಹುರುಪು ಮೊಮ್ಮಕ್ಕಳಲ್ಲಿ ಅಷ್ಟೇ ಉಳಿಯುವುದಿಲ್ಲ. ಜೀನ್‌ಗಳು ಮತ್ತೆ ಕಲಸಿಕೊಳ್ಳುತ್ತವೆ. ಮನೆಯಲ್ಲೇ ಗಿರಿರಾಜ ಹುಂಜ, ಹೇಂಟೆ ಕೂಡಿಸಿ ಮರಿ ಮಾಡಿಸಿದರೆ ಒಂದು ದೊಡ್ಡದು, ಒಂದು ಸಣ್ಣದು, ಒಂದು ಮೊಟ್ಟೆ ಇಡುವುದು, ಒಂದು ಇಡದ್ದು ಹೀಗೆ ಚದುರುತ್ತವೆ. ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಮರುವರ್ಷಕ್ಕೆ ಎತ್ತಿಡಬಾರದು ಎಂದು ಕಡೂರಿನ ರೈತರಿಗೆ ಗೊತ್ತು. ಇಲ್ಲಿಯೂ ಅದೇ ನಿಯಮ.

ಕಡಕ್‌ನಾಥ್ ಮೇಲಿನ ಮೋಹವನ್ನೂ ಇಲ್ಲೇ ಹೇಳಿಬಿಡಬೇಕು. ಮಧ್ಯಪ್ರದೇಶದ ಝಾಬುವಾದ ಈ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣದ ಕೋಶಗಳ ಬೆಳವಣಿಗೆಗೆ ಪ್ರಚೋದನೆ ಕೊಡುವ ಎಂಡೋಥೆಲಿನ್-3 ಜೀನ್ ಇರುವ ಭಾಗ ಇದರಲ್ಲಿ ಎರಡೆರಡು ಸಲ ಇದೆ. ಹಾಗಾಗಿ ಚರ್ಮ, ಮಾಂಸ, ಮೂಳೆಯ ಪೊರೆಗೆಲ್ಲ ಕಪ್ಪು ಹರಡಿದೆ. ವಿಶೇಷ ಕೋಳಿ, ಸಂದೇಹವಿಲ್ಲ. ಆದರೆ ಮೈ ಸಣ್ಣದು, ಬೆಳವಣಿಗೆ ನಿಧಾನ, ಮರಿಯ ಬೆಲೆ ಜಾಸ್ತಿ. ಕೊಳ್ಳುವವರು ಯಾರೆಂದು ಗೊತ್ತಿಲ್ಲದೆ ಮೊದಲ ಸಾಕಣೆಗೆ ಅದನ್ನು ತರುವುದು ಜಾಣತನವಲ್ಲ. ಅಸೀಲ್ ಕೂಡ ಹಾಗೆಯೇ. ನಿಲುವು ನೋಡುವಂತಿದ್ದರೂ ಹುಂಜಗಳು ಕಾದಾಡದೆ ಬಿಡವು, ಮೊಟ್ಟೆ ಕಡಿಮೆ. ಆಂಧ್ರ ಮತ್ತು ಕರ್ನಾಟಕದ ತಳಿಯೆಂದು ರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿರುವ ‘ಘಾಗಸ್’ ನಮ್ಮದೇ ನೆಲದ ಗಟ್ಟಿ ಕೋಳಿ, ಸಿಕ್ಕರೆ ಸಾಕಬಹುದಾದದ್ದು.

ಮೂರು ತಾಲ್ಲೂಕು, ಮೂರು ಹಿತ್ತಲು

ಬೀರೂರಿನಿಂದ ಒಂದು ರೈಲು ತರೀಕೆರೆಯ ಕಡೆ, ಇನ್ನೊಂದು ಅಜ್ಜಂಪುರದ ಕಡೆ ಹೊರಡುತ್ತದೆ. ಒಂದು ಗಂಟೆಯೊಳಗೆ ಕಿಟಕಿಯಾಚೆಯ ನೋಟವೇ ಬೇರೆ. ಹಿತ್ತಲೂ ಅಷ್ಟೇ ಬೇರೆ.

ಕಡೂರಿನ ಬಯಲಲ್ಲಿ ಮಳೆ ಕಡಿಮೆ, ಏಪ್ರಿಲ್ ಬಿಸಿಲು ಬಿರುಸು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಯ ಶಾಖವೇ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಸೆಕೆ ಏರಿದಾಗ ರೆಕ್ಕೆ ಅಗಲಿಸಿ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಏದುಸಿರಿನೊಂದಿಗೆ ಇಂಗಾಲದ ಡೈಆಕ್ಸೈಡ್ ವಿಪರೀತವಾಗಿ ಹೊರಹೋಗುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಕಾರ್ಬೊನೇಟ್ ಭಾಗಕ್ಕೆ ಈ ಇಂಗಾಲವೇ ಮೂಲ. ರಕ್ತದಲ್ಲಿ ಅದು ತಗ್ಗಿದಾಗ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ಕೈಯಲ್ಲೇ ಒಡೆಯುವುದಕ್ಕೆ ಇದೊಂದು ಕಾರಣ. ದೊಡ್ಡ ಮೈಯ ಕೋಳಿಗೆ ತೂಕಕ್ಕೆ ಹೋಲಿಸಿದರೆ ಶಾಖ ಹೊರಬಿಡುವ ಚರ್ಮ ಕಡಿಮೆ, ಆದ್ದರಿಂದ ಅದಕ್ಕೆ ಕಷ್ಟ ಹೆಚ್ಚು. ಬಯಲುಸೀಮೆಯ ಹಿತ್ತಲಿಗೆ ಹಗುರ ಮೈಯ ಸ್ವರ್ಣಧಾರ, ಗ್ರಾಮಪ್ರಿಯ ಅಥವಾ ನಾಟಿ ಹೊಂದುತ್ತವೆ. ನಾಟಿಯಲ್ಲೇ ಕೆಲವಕ್ಕೆ ಕುತ್ತಿಗೆಯಲ್ಲಿ ಗರಿ ಇರುವುದಿಲ್ಲ. ನೋಡಲು ಚೆಂದವಿಲ್ಲ ಎಂದು ಅದನ್ನು ಬಿಡಬೇಡಿ. ಆ ಒಂದು ಜೀನ್ ಮೈಯ ಗರಿಯನ್ನು ಶೇ 20ರಿಂದ 40ರವರೆಗೆ ಇಳಿಸಿ ಸೆಕೆ ತಡೆಯುವ ಶಕ್ತಿ ಕೊಡುತ್ತದೆ.

ತರೀಕೆರೆಯ ಕಡೆ, ಲಿಂಗದಹಳ್ಳಿ, ಲಕ್ಕವಳ್ಳಿಯ ಅಡಕೆ ತೋಟಗಳಲ್ಲಿ ನೆರಳಿಗೆ ಕೊರತೆಯಿಲ್ಲ, ಎಲೆಗೊಬ್ಬರದ ಅಡಿ ಹುಳುಹುಪ್ಪಟೆ ಬೇಕಾದಷ್ಟು. ಆದರೆ ಮಳೆಗಾಲದ ತೇವ ಕೋಳಿಯ ಶತ್ರು. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಒದ್ದೆ ಹಾಸಿನಲ್ಲಿ ಬಲಿತು ಮರಿಗಳ ಕರುಳು ಸೇರುತ್ತದೆ. ಇಲ್ಲಿ ತಳಿಗಿಂತ ಗೂಡು ಮುಖ್ಯ. ನೆಲದಿಂದ ಎತ್ತರ, ಒಣ ಹಾಸು, ಸಂದಿಯಿಲ್ಲದ ಜಾಲರಿ ಬೇಕು. ರಾತ್ರಿ ಕಾಡುಬೆಕ್ಕು, ಹಗಲು ಮುಂಗುಸಿ ಬರುವ ಜಾಗ ಇದು. ಅಡಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಕೋಳಿಗಳನ್ನು ತೋಟಕ್ಕೆ ಬಿಡಬಾರದು, ಅದರಲ್ಲಿರುವುದು ಮೈಲುತುತ್ತ.

ಅಜ್ಜಂಪುರದ ಬಯಲು, ಕಾವಲುಗಳಲ್ಲಿ ಆಕಾಶ ದೊಡ್ಡದು, ಮರೆ ಕಡಿಮೆ. ಹದ್ದು, ಗಿಡುಗಕ್ಕೆ ಬಿಳಿ ಕೋಳಿ ದೂರದಿಂದಲೇ ಕಾಣುತ್ತದೆ. ಕಂದು, ಕಪ್ಪು, ಚುಕ್ಕಿ ಬಣ್ಣದ ಕೋಳಿ ಮಣ್ಣಿನಲ್ಲಿ ಕರಗಿಹೋಗುತ್ತದೆ. ಹಿತ್ತಲ ತಳಿಗಳನ್ನೆಲ್ಲ ಬಣ್ಣದ ಗರಿಯಲ್ಲೇ ರೂಪಿಸಿದ್ದಕ್ಕೆ ಇದೂ ಕಾರಣ. ಬೇಲಿಯಂಚಿಗೆ ಒಂದಿಷ್ಟು ಗಿಡ ಹಾಕಿದರೆ ಮರೆಯೂ ಆಯಿತು, ನೆರಳೂ ಆಯಿತು.

ಮೂರೂ ಕಡೆಗೆ ಸಮಾನವಾದ ಒಂದು ಲೆಕ್ಕವಿದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಧಾನ್ಯಗಳಲ್ಲೆಲ್ಲ ಕ್ಯಾಲ್ಸಿಯಂಗೆ ಹೆಸರಾದದ್ದು ನಮ್ಮ ರಾಗಿ. ಆದರೂ 100 ಗ್ರಾಂ ರಾಗಿಯಲ್ಲಿ ಸಿಗುವುದು ಸುಮಾರು 0.35 ಗ್ರಾಂ. ಕೋಳಿ ದಿನವಿಡೀ ರಾಗಿಯನ್ನೇ ತಿಂದರೂ ಚಿಪ್ಪಿಗೆ ಸಾಲದು. ಒಣಗಿಸಿ ಪುಡಿಮಾಡಿದ ಮೊಟ್ಟೆಚಿಪ್ಪು ಅಥವಾ ಸುಣ್ಣಕಲ್ಲಿನ ನುಚ್ಚನ್ನು ಬೇರೆಯಾಗಿ ಇಡಬೇಕು, ಬೇಕಾದಷ್ಟನ್ನು ಕೋಳಿಯೇ ಆರಿಸಿಕೊಳ್ಳುತ್ತದೆ. ಹೆಚ್ಚು ಮೊಟ್ಟೆಯ ತಳಿ ತಂದಷ್ಟೂ ಈ ಜವಾಬ್ದಾರಿ ಹೆಚ್ಚು. ಕಾಳಿನಲ್ಲಿ ಕೊರತೆಯಾಗುವ ಪ್ರೋಟೀನಿಗೆ ಗೆದ್ದಲು ಒಳ್ಳೆಯದು. ಸಗಣಿ, ಒದ್ದೆ ಹುಲ್ಲು ತುಂಬಿದ ಮಡಕೆಯನ್ನು ಸಂಜೆ ಗೆದ್ದಲಿರುವ ಕಡೆ ಕವುಚಿಟ್ಟರೆ ಬೆಳಿಗ್ಗೆ ಮರಿಗಳಿಗೆ ಊಟ ಸಿದ್ಧ. ಬೂಸಲು ಹಿಡಿದ ಮೆಕ್ಕೆಜೋಳ ಮಾತ್ರ ಬೇಡವೇ ಬೇಡ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಮರಿಗಳ ಯಕೃತ್ತನ್ನು ಹಾಳುಮಾಡುತ್ತದೆ.

ಮರಿ ಮನೆಗೆ ಬಂದ ಮೇಲೆ

ಹೆಬ್ಬಾಳದಿಂದಲೋ, ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿಂದಲೋ ಒಂದು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ರೈಲಿಗೆ ತರಬಹುದು. ಮೊಟ್ಟೆ ಒಡೆಯುವ ಮುನ್ನ ಉಳಿದ ಹಳದಿ ಭಂಡಾರವನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ದಿನದ ಪ್ರಯಾಣಕ್ಕೆ ಸಾಕು. ಆದರೆ ಮನೆಗೆ ಬಂದ ಕ್ಷಣದಿಂದ ಅದಕ್ಕೆ ಬೆಚ್ಚಗಿನ ಜಾಗ ಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ತಾಪಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತರಿಸಿಕೊಂಡರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ತಿನ್ನುತ್ತಿದ್ದರೆ ಸರಿ. ಇಂಥ ಕೇಂದ್ರಗಳಲ್ಲಿ ಮರಿಗಳನ್ನು ಸಾಮಾನ್ಯವಾಗಿ ಗಂಡು, ಹೆಣ್ಣು ಬೇರ್ಪಡಿಸದೆ ಕೊಡುತ್ತಾರೆ. ಹತ್ತು ತಂದರೆ ಅರ್ಧ ಹುಂಜ ಎಂದೇ ಲೆಕ್ಕ ಹಾಕಿಕೊಳ್ಳಿ.

ಹಳ್ಳಿಯ ಕೋಳಿ ಸಾಕಣೆ ಮುರಿದುಬೀಳುವುದು ಹೆಚ್ಚಾಗಿ ಕೊಕ್ಕರೆ ರೋಗದಿಂದ. ರಾಣಿಖೇತ್ ಎಂಬ ಹೆಸರಿನ ಈ ವೈರಸ್ ರೋಗ ಬಂದರೆ ಹಸಿರು ಬಿಳಿ ಭೇದಿ, ಏದುಸಿರು, ಕುತ್ತಿಗೆ ತಿರುಚುವುದು ಕಾಣುತ್ತದೆ. ಲಸಿಕೆ ಹಾಕದ ಮಂದೆ ಮೂರು ನಾಲ್ಕು ದಿನದಲ್ಲಿ ಖಾಲಿಯಾಗಬಹುದು. ಮದ್ದಿಲ್ಲ, ಲಸಿಕೆ ಇದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಚುಚ್ಚುಮದ್ದು. ಈ ನಡುವೆ 14ನೇ ದಿನದ ಸುಮಾರಿಗೆ ಗುಂಬೊರೊ ರೋಗದ ಲಸಿಕೆ. ಲಸಿಕೆಯನ್ನು ತಂಪಿನಲ್ಲೇ ತರಬೇಕು. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಆದ್ದರಿಂದ ಕೇರಿಯವರೆಲ್ಲ ಸೇರಿ ಪಶು ಆಸ್ಪತ್ರೆಯಲ್ಲಿ ಕೇಳಿ ಒಂದೇ ದಿನ ಹಾಕಿಸುವುದು ಲೇಸು. ‘ನಾಟಿ ಕೋಳಿಗೆ ರೋಗ ಬರಲ್ಲ’ ಎಂಬ ನಂಬಿಕೆ ಬಿಡಬೇಕು. ಕೊಕ್ಕರೆ ರೋಗ ತಳಿ ನೋಡಿ ಬರುವುದಿಲ್ಲ.

ಹಾಗಾದರೆ ಯಾವುದನ್ನು ತರೋಣ?

ನನ್ನ ಉತ್ತರ: ಒಂದೇ ತಳಿಯನ್ನಲ್ಲ. ಮೊದಲು ಎರಡು ನಾಟಿ ಹೇಂಟೆ ತನ್ನಿ. ಸಂತೆಯಿಂದಲ್ಲ, ನಿಮ್ಮ ಊರಿನದೇ ಮನೆಯಿಂದ. ಕೇಳಬೇಕಾದ ಮಾತು ಒಂದೇ: ‘ಇದು ಕಾವು ಕೂತು ಮರಿ ಎಬ್ಬಿಸಿದೆಯಾ?’ ಹೌದು ಎಂದರೆ ಬಣ್ಣ ಯಾವುದಾದರೂ ಆಗಲಿ. ದುಡ್ಡಿಗೆ ಕೊಡಲು ಮನಸ್ಸಿಲ್ಲದವರು ಪಾಲಿಗಾದರೂ ಕೊಟ್ಟಾರು. ಅವುಗಳ ಜೊತೆಗೆ ಒಂದು ನಾಟಿ ಹುಂಜ. ಅವು ಹಿತ್ತಲಿಗೆ ಹೊಂದಿಕೊಂಡ ಮೇಲೆ ನಾಲ್ಕು ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಹೇಂಟೆ ತನ್ನಿ. ಹೊಸಬರಿಗೆ ಒಂದು ದಿನದ ಮರಿಗಿಂತ ಆರು ವಾರ ದಾಟಿದ, ಲಸಿಕೆಯಾದ ಮರಿ ಒಳ್ಳೆಯದು. ಬೆಲೆ ಹೆಚ್ಚಾದರೂ ಸಾಯುವುದು ಕಡಿಮೆ, ಹುಂಜ ಹೇಂಟೆ ಗುರುತಿಸಿ ಆರಿಸಬಹುದು.

ಲೆಕ್ಕ ಹೀಗೆ. ನಾಲ್ಕು ಸ್ವರ್ಣಧಾರ, ವರ್ಷಕ್ಕೆ ತಲಾ 180 ಎಂದರೆ 720 ಮೊಟ್ಟೆ, ದಿನಕ್ಕೆ ಸುಮಾರು ಎರಡು. ಹಿತ್ತಲಲ್ಲಿ ಕಾಲುಭಾಗ ಕಡಿಮೆಯಾದರೂ 540. ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆ ಎಂಬ ಆಹಾರ ತಜ್ಞರ ಸಲಹೆಯನ್ನು ಹಿಡಿದರೆ ಮೂರು ಜನಕ್ಕೆ ಸರಿಹೋಯಿತು. ನಾಟಿ ಮೊಟ್ಟೆಯನ್ನು ತಿನ್ನದೆ ಮರಿಗೆ ಇಡಿ. ಅದು ಚಿಕ್ಕದು, ಗುರುತು ಸುಲಭ. ಬರೀ ತಿನ್ನುವ ಮೊಟ್ಟೆಗಾದರೆ ಹುಂಜವೇ ಬೇಕಿಲ್ಲ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಅಂಗಡಿಯ ಫಾರಂ ಮೊಟ್ಟೆಯನ್ನು ಕಾವಿಗಿಟ್ಟರೆ ಮರಿಯಾಗದಿರುವುದು ಇದಕ್ಕೇ. ಹಳೆಯ ಹೇಂಟೆಗಳು ಮೊಟ್ಟೆ ಇಳಿಸಿದಾಗ ಮತ್ತೆ ಮರಿ ತರುವ ಬದಲು, ಆ ತಳಿಯ ಫಲಿತ ಮೊಟ್ಟೆ ತಂದು ಕಾವು ಕೂತ ನಾಟಿಯ ಕೆಳಗೆ ಇಡಬಹುದು. ಮೊಟ್ಟೆ ದಪ್ಪ, ಹತ್ತಕ್ಕಿಂತ ಹೆಚ್ಚು ಬೇಡ.

ಒಂದು ಎಚ್ಚರಿಕೆ. ಗಿರಿರಾಜ ಹುಂಜವನ್ನು ಬಿಟ್ಟು ನಾಟಿ ಹೇಂಟೆಗಳನ್ನೆಲ್ಲ ‘ಸುಧಾರಿಸುವ’ ಆಸೆ ಹಲವರಿಗಿದೆ. ಒಂದೆರಡು ತಲೆಮಾರು ಮೈ ದಪ್ಪವಾಗುತ್ತದೆ, ನಿಜ. ಅದರ ಜೊತೆಗೇ ಕಾವಿನ ಗುಣ ಮಸುಕಾಗಬಹುದು. ಊರಿನ ಎಲ್ಲ ಮನೆಗಳೂ ಹೀಗೆ ಮಾಡಿದರೆ ಒಂದು ದಿನ ಮೊಟ್ಟೆ ಇರುತ್ತದೆ, ಕೂರುವ ಕೋಳಿ ಇರುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳು ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು ಏರಿ ಸುಮಾರು 31.7 ಕೋಟಿಯಾಗಿದ್ದವು. ಸಂಖ್ಯೆ ಏರಿದೆ ಎಂದು ನಾಟಿ ಉಳಿದಿದೆ ಎಂದು ತಿಳಿಯಬಾರದು. ಅದನ್ನು ಉಳಿಸುವ ಕೆಲಸ ಯಾವ ಸಂಶೋಧನಾ ಕೇಂದ್ರಕ್ಕಿಂತಲೂ ಚೆನ್ನಾಗಿ ಆಗುವುದು ಹಿತ್ತಲಲ್ಲೇ.

ರಾಗಿ ಹುಲ್ಲು ಹಾಸಿದ ಮಂಕರಿಯಲ್ಲಿ ನಾಟಿ ಹೇಂಟೆ ಸ್ವರ್ಣಧಾರದ ಮೊಟ್ಟೆಗಳ ಮೇಲೆ ಕೂತಿದೆ ಎಂದುಕೊಳ್ಳಿ. ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ಅವನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿ ಸಾಯುತ್ತದೆ ಎಂದು ಅದಕ್ಕೆ ಯಾರೂ ಕಲಿಸಿಲ್ಲ. ಹತ್ತೊಂಬತ್ತು ಇಪ್ಪತ್ತನೇ ದಿನ ಚಿಪ್ಪಿನೊಳಗಿಂದಲೇ ಮರಿ ಚಿಂವ್ ಎನ್ನುತ್ತದೆ, ಹೇಂಟೆ ಮೆಲ್ಲಗೆ ‘ಕೊಕ್ ಕೊಕ್’ ಎಂದು ಓಗೊಡುತ್ತದೆ. ಹೊರಗೆ ಬರುವ ಹೊತ್ತಿಗೆ ಮರಿಗೆ ತಾಯಿಯ ದನಿ ಗೊತ್ತು. ಮುಂದೆ ಆಕಾಶದಲ್ಲಿ ಹದ್ದು ಕಂಡರೆ ಆ ತಾಯಿ ಒಂದು ಬಗೆಯಾಗಿ, ನೆಲದಲ್ಲಿ ಬೆಕ್ಕು ಕಂಡರೆ ಇನ್ನೊಂದು ಬಗೆಯಾಗಿ ಕೂಗುತ್ತದೆ. ಎರಡಕ್ಕೂ ಬೇರೆ ಬೇರೆ ಕೂಗು ಇರುವುದನ್ನು ಪ್ರಾಣಿ ನಡವಳಿಕೆಯ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. ಮೊದಲ ಕೂಗಿಗೆ ಮರಿಗಳು ರೆಕ್ಕೆಯಡಿ ಓಡುತ್ತವೆ. ಹೆಬ್ಬಾಳದಲ್ಲಿ ರೂಪುಗೊಂಡ ತಳಿಯ ಮರಿ ಕಡೂರಿನ ಹಿತ್ತಲಲ್ಲಿ ಬದುಕಲು ಕಲಿಯುವುದು ಆ ರೆಕ್ಕೆಯ ಕೆಳಗೆ. ಬಣ್ಣದ ಬುಟ್ಟಿಯ ಮರಿಗಳಿಗೆ ಇಲ್ಲದೆ ಹೋದದ್ದು ಅದೇ ರೆಕ್ಕೆ.